ಆಚೆ ದಡದಲ್ಲಿ ಅಕ್ಕ

ಅಕ್ಕ ನಮೀಬಿಯಾಕ್ಕೆ ಹೋಗೋಣ ಅಂದಾಗ ನಾನು ಅಡುಗೆಮನೆಯಲ್ಲಿ ಹೆಸರುಬೇಳೆ ತೊಳೆಯುತ್ತಿದ್ದೆ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಿದ್ದರಿಂದ ಸರಿಯಾಗಿ ಕೇಳಿಸಲಿಲ್ಲವೇನೋ ಅಂದುಕೊಂಡೆ.

"ಎಲ್ಲಿಗೆ?"

"ನಮೀಬಿಯಾ ಕಣೇ. ಆಫ್ರಿಕದಾಗೈತೆ. ಬರೀ ಮರಳು, ಕಲ್ಲು. ಜನಾನೇ ಇಲ್ವಂತೆ."

"ಜನ ಇಲ್ದಿರೋ ಜಾಗಕ್ಕೆ ಹೋಗಿ ಏನ್ ಮಾಡ್ತೀಯ?"

"ಅದುಕ್ಕೇ ಓಗೋದು" ಅಂದಳು.

ನಾನು ನಕ್ಕೆ. ಅವಳು ನಗಲಿಲ್ಲ. ಮಗನಿಗೆ ಆಗಲೇ ಹೇಳಿಯಾಗಿತ್ತು, ಅವನು ಟಿಕೆಟ್ಟು ನೋಡುತ್ತಿದ್ದ, ಜೊತೆಗೆ ಇಂಗ್ಲಿಷ್ ಬರುವ ಒಬ್ಬರು ಬೇಕು, ಅದು ನಾನು. ಅಕ್ಕ ಯಾವತ್ತೂ ಕೇಳುವವಳಲ್ಲ, ತಿಳಿಸುವವಳು.

ಅವಳು ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಅಮ್ಮ ಬೇಗ ಹೋದದ್ದರಿಂದ ನನಗೆ ಜಡೆ ಹಾಕಿದವಳು, ಹೊಡೆದವಳು, ಹುಣಸಮಾರನಹಳ್ಳಿಯಲ್ಲಿ ಬಸ್ಸು ಹತ್ತಿಸಿ ಕಾಲೇಜಿಗೆ ಕಳಿಸಿದವಳು ಎಲ್ಲ ಅವಳೇ. ನಾನು ಓದಿ ಸೋಲದೇವನಹಳ್ಳಿ ಕಡೆಯ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದೆ. ಅವಳು ಎಸ್ಸೆಸ್ಸೆಲ್ಸಿಗೇ ನಿಲ್ಲಿಸಿ ಅಟ್ಟೂರಿಗೆ ಸೊಸೆಯಾಗಿ ಹೋದಳು. ಭಾವನ ಮನೆಯವರದ್ದು ಆಗ ದ್ರಾಕ್ಷಿ ತೋಟ. ತೋಟ ಲೇಔಟ್ ಆಯಿತು, ಲೇಔಟಿನ ಪಕ್ಕ ಅಪಾರ್ಟ್‌ಮೆಂಟ್ ಎದ್ದಿತು, ದ್ರಾಕ್ಷಿ ಚಪ್ಪರದ ಕಲ್ಲುಕಂಬಗಳು ಕಾಂಪೌಂಡಿಗೆ ಹೋದವು. ಅಕ್ಕ ಮಾತ್ರ ಹಾಗೇ ಉಳಿದಳು. ಸೈಟಿನ ಮೇಸ್ತ್ರಿಯನ್ನೂ ಮನೆಗೆ ಬಂದ ಶಾಸಕರ ಕಡೆಯವರನ್ನೂ ಒಂದೇ ಗಂಟಲಲ್ಲಿ ಗದರಿಸುತ್ತಿದ್ದಳು.

ಭಾವ ಹೋದದ್ದು ಹೆಬ್ಬಾಳದ ಫ್ಲೈಓವರ್ ಮೇಲೆ, ಸಂಜೆಯ ಟ್ರಾಫಿಕ್ಕಿನಲ್ಲಿ. ಅವರೇ ಕಾರು ಓಡಿಸುತ್ತಿದ್ದರು, ಅಕ್ಕ ಪಕ್ಕದಲ್ಲಿದ್ದಳು. ಎದೆ ಹಿಡಿದುಕೊಂಡು ಸ್ಟೇರಿಂಗ್ ಮೇಲೆ ಬಾಗಿದರಂತೆ. ಮುಂದಿನ ಬಸ್ಸು ಅಲ್ಲಾಡಲಿಲ್ಲ. ಹಿಂದಿನವರು ಹಾರ್ನ್ ಹೊಡೆಯುತ್ತಲೇ ಇದ್ದರು. ಆಂಬುಲೆನ್ಸ್ ಕೆಳಗಿನ ರಸ್ತೆಯಲ್ಲಿ ಕೂಗುತ್ತ ನಿಂತಿತ್ತು, ಮೇಲೆ ಬರುವುದಕ್ಕೆ ದಾರಿ ಇರಲಿಲ್ಲ. ಇದನ್ನು ಅಕ್ಕ ತಿಥಿಯ ದಿನ ಒಂದು ಸಲ ಹೇಳಿದಳು, ಕಣ್ಣಲ್ಲಿ ನೀರಿಲ್ಲದೆ, ಬೇರೆ ಯಾರಿಗೋ ಆದದ್ದನ್ನು ಹೇಳುವ ಹಾಗೆ. ಆಮೇಲೆ ಆ ಮಾತು ಎತ್ತಲಿಲ್ಲ. ವಾರ ಕಳೆಯುವುದರೊಳಗೆ ಮತ್ತೆ ಸೈಟಿನಲ್ಲಿ ನಿಂತು ಸಿಮೆಂಟ್ ಲಾರಿಯವನನ್ನು ಬೈಯುತ್ತಿದ್ದಳು. ಎಂಥ ಗಟ್ಟಿ ಹೆಂಗಸು ಅಂತ ಊರೆಲ್ಲ ಅಂದಿತು. ನಾನೂ ಅಂದೆ.

ಹೀಗೆ ಒಂದು ಫೆಬ್ರವರಿ ಕೊನೆಯಲ್ಲಿ ಅಕ್ಕತಂಗಿಯರಿಬ್ಬರೇ ಹೊರಟೆವು. ನನ್ನ ಗಂಡ ಏರ್‌ಪೋರ್ಟಿನವರೆಗೆ ಬಂದು ಬಿಟ್ಟರು. ಅಕ್ಕನ ಚೀಲದಲ್ಲಿ ಚಟ್ನಿಪುಡಿ, ಬಿಸಿನೀರು ಹಾಕಿದರೆ ಉಪ್ಪಿಟ್ಟಾಗುವ ಪೊಟ್ಟಣಗಳು, ಸಕ್ಕರೆ ಕಾಯಿಲೆಯ ಮಾತ್ರೆಗಳು.

ಮೊದಲ ಆಘಾತ ಅಲ್ಲಿನ ಬಯಲು. ಮರುಭೂಮಿ ಅಂದರೆ ಕ್ಯಾಲೆಂಡರಿನಲ್ಲಿರುವ ಹಾಗೆ ಹಳದಿ ಮರಳಿನ ದಿಬ್ಬಗಳು ಅಂದುಕೊಂಡಿದ್ದೆ. ಅಂಥವೂ ಇದ್ದವು. ಆದರೆ ಉತ್ತರಕ್ಕೆ ಹೋದಂತೆ ಬರೀ ಕಲ್ಲು. ಕೆಂಪು ಕಲ್ಲು, ಕರಿ ಕಲ್ಲು, ಮೇಲೆ ಬಿಳಿಚಿಕೊಂಡ ಆಕಾಶ. ಜಲ್ಲಿರಸ್ತೆ ಒಂದೇ ಗೆರೆಯಾಗಿ ಹೋಗುತ್ತಿತ್ತು. ನಮ್ಮ ಹಾಗೇ ಎಡಗಡೆ ಓಡಿಸುತ್ತಾರೆ, ಆದರೆ ಬಲಗಡೆಯಿಂದ ಯಾರೂ ಬರುವುದಿಲ್ಲ. ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಎದುರಿಗೆ ಒಂದು ಗಾಡಿ ಸಿಕ್ಕರೆ ಎರಡೂ ಕಡೆಯವರು ಕೈಬೀಸುತ್ತಾರೆ. ಯಲಹಂಕದಲ್ಲಿ ಹಾಲು ತರುವುದಕ್ಕೆ ರಸ್ತೆ ದಾಟಲು ಕಾಯುವ ನಾನು ಆ ಖಾಲಿ ರಸ್ತೆಯಲ್ಲೂ ಎರಡೂ ಕಡೆ ನೋಡಿಯೇ ಕಾಲಿಡುತ್ತಿದ್ದೆ. ಕಾರು ನಿಲ್ಲಿಸಿ ಇಳಿದರೆ ಕಿವಿಯಲ್ಲಿ ನನ್ನದೇ ರಕ್ತದ ಸದ್ದು.

ನಮ್ಮ ಗಾಡಿ ಓಡಿಸುತ್ತ ಎಲ್ಲವನ್ನೂ ತೋರಿಸುತ್ತಿದ್ದವಳು ಆ ದೇಶದ ಒಬ್ಬ ಹೆಂಗಸು, ನನ್ನದೇ ವಯಸ್ಸು ಇರಬಹುದು. ಅಗಲ ಭುಜ, ಗಟ್ಟಿ ನಗು, ತಲೆಗೆ ಹಸಿರು ಬಟ್ಟೆ. ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು, ನಾನು ಅಕ್ಕನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಮೊದಲ ದಿನವೇ ಆಕೆ ಬೆರಳು ಎತ್ತಿ ಎಚ್ಚರಿಸಿದಳು: "ನನ್ನನ್ನು ಕೇಳದೆ ಗಾಡಿಯಿಂದ ಇಳಿಯಬೇಡಿ. ಇಳಿದರೂ ನನ್ನ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಿ." ಅಕ್ಕ ತಲೆಯಾಡಿಸಿದಳು.

ಒಂದು ಸಂಜೆ ತಂಗಿದ್ದ ಕಡೆ ಊಟಕ್ಕೆ ಜೀಬ್ರಾ ಮಾಂಸ ಅಂದರು. ನಾನು ತಟ್ಟೆ ದೂಡಿದೆ. ಬೆಳಿಗ್ಗೆ ತಾನೇ ಅವುಗಳ ಫೋಟೋ ತೆಗೆದಿದ್ದೆ. ಅಕ್ಕ ಸುಮ್ಮನೆ ತಿಂದಳು. ರುಚಿ ಹೇಗಿದೆ ಅಂತ ಕೇಳಿದರೆ "ಐತೆ" ಅಂದಳು. ಕುರಿ ಸಾರಿಗೆ ಧನಿಯಾ ಒಂದು ಚಿಟಿಕೆ ಹೆಚ್ಚಾದರೂ ಇಡೀ ಮನೆಗೆ ಕೇಳುವಂತೆ ಹೇಳುವವಳು. ಪ್ರಯಾಣದ ಸುಸ್ತು ಅಂದುಕೊಂಡೆ. ದಿನವೆಲ್ಲ ಕಿಟಕಿಗೆ ಹಣೆ ಒತ್ತಿ ಕೂತಿರುತ್ತಿದ್ದಳು. ಅಬ್ಬ, ಕೊನೆಗೂ ಇವಳಿಗೆ ಸ್ವಲ್ಪ ನೆಮ್ಮದಿ ಸಿಕ್ಕಿತು ಅಂತ ನನಗೆ ಖುಷಿಯೇ ಆಯಿತು.

ಮರುಭೂಮಿಯ ಆನೆಗಳನ್ನು ನೋಡುವುದಕ್ಕೆ ನಾವು ಒಂದು ಒಣ ನದಿಗೆ ಹೋದೆವು. ಅದರ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ. ನದಿ ಅಂದರೆ ನೀರಿಲ್ಲ, ಎರಡು ದಡಗಳ ನಡುವೆ ಅಗಲವಾದ ಬಿಳಿ ಮರಳು. ಈ ದಡದಿಂದ ಆ ದಡಕ್ಕೆ ಕೂಗಿದರೆ ಕೇಳಿಸುವಷ್ಟು ಅಗಲ. ಎರಡೂ ಕಡೆ ನಮ್ಮ ಜಾಲಿಯ ಜಾತಿಯ ದೊಡ್ಡ ದೊಡ್ಡ ಮರಗಳು, ಕೆಳಗೆ ಸುರುಳಿ ಸುರುಳಿ ಕಾಯಿ ಬಿದ್ದಿದ್ದವು. ಆ ಕಾಯಿ ತಿನ್ನುವುದಕ್ಕೆ ಆನೆಗಳು ಬರುತ್ತವೆ ಅಂದಳು ನಮ್ಮ ಜೊತೆಯ ಹೆಂಗಸು. ಬಂದೂ ಇದ್ದವು. ಕೆಳಗಡೆ, ನದಿ ತಿರುಗುವಲ್ಲಿ, ನೆರಳಿನಲ್ಲಿ ಒಂದು ಚಿಕ್ಕ ಹಿಂಡು. ಬೂದು ಬಣ್ಣದ ಬಂಡೆಗಳ ಹಾಗೆ ನಿಂತಿದ್ದವು. ಒಂದು ಮರಿ ತಾಯಿಯ ಕಾಲಸಂದಿಯಲ್ಲಿ ನುಸುಳುತ್ತಿತ್ತು.

ಅವು ದೂರ ಇದ್ದುದರಿಂದ ಊಟಕ್ಕೆ ಇಲ್ಲೇ ಇಳಿಯೋಣ ಅಂದಳು ಆಕೆ. ಗಾಡಿಯನ್ನು ಮರಳಿನಲ್ಲೇ, ನಮ್ಮ ಕಡೆಯ ದಡದ ಬುಡದಲ್ಲಿ, ನಿಲ್ಲಿಸಿದಳು. ನದಿ ಹುಟ್ಟುವ ಕಡೆ ಎಲ್ಲೋ ಮಳೆಯಾಗಿದೆಯಂತೆ, ಆದರೆ ಈ ನದಿ ಇಷ್ಟು ಕೆಳಕ್ಕೆ ಬಂದು ವರ್ಷಗಳೇ ಆದವು ಅಂತ ಹೇಳುತ್ತ ಮಡಚುವ ಮೇಜು ಬಿಡಿಸಿದಳು. ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ನಾನು ಫ್ಲಾಸ್ಕಿನ ಬಿಸಿನೀರನ್ನು ಉಪ್ಪಿಟ್ಟಿನ ಪೊಟ್ಟಣಕ್ಕೆ ಸುರಿಯುತ್ತಿದ್ದೆ. ಅಕ್ಕ "ಈಗ್ ಬತ್ತೀನಿ" ಅಂದಳು. ಪೊದೆಯ ಹಿಂದೆ ಹೋಗಬೇಕಿರಬೇಕು ಅಂದುಕೊಂಡು ತಲೆ ಎತ್ತಲಿಲ್ಲ. ತಲೆ ಎತ್ತಿದಾಗ ಅವಳು ಮರಳು ದಾಟಿ ಆಚೆ ದಡ ಹತ್ತಿಯಾಗಿತ್ತು. ಅವಳ ನೀಲಿ ದುಪಟ್ಟಾ ಮರಗಳ ನಡುವೆ ಕಂಡಿತು.

"ಅಕ್ಕಾ, ಅಷ್ಟ್ ದೂರ ಯಾಕ್ ಹೋದೆ?" ಅಂತ ಕೂಗಿದೆ.

ನಮ್ಮ ಜೊತೆಯ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಇದು ಸರಿಯಲ್ಲ" ಅಂದು ಕರೆತರುವುದಕ್ಕೆ ಹೊರಟವಳು ಅಲ್ಲೇ ನಿಂತಳು. ತಲೆಯನ್ನು ಒಂದು ಕಡೆ ವಾಲಿಸಿದಳು. ನನಗೂ ಕೇಳಿಸಿತು. ಬಾಣಲೆಯಲ್ಲಿ ಒಗ್ಗರಣೆ ಚುರುಗುಡುವಂಥ ಸದ್ದು, ಆದರೆ ದೂರದಿಂದ, ನೆಲದ ಕಡೆಯಿಂದ.

ನದಿಯ ಮೇಲುಗಡೆ ತಿರುವಿನಲ್ಲಿ ಏನೋ ಕಂದು ಬಣ್ಣದ್ದು ತೆವಳುತ್ತ ಬಂತು. ಅದು ನೀರು ಅಂತ ನನಗೆ ಹೊಳೆಯಲೇ ಇಲ್ಲ. ಮುಂದುಗಡೆ ನೊರೆ, ಕಡ್ಡಿ, ಒಣಗಿದ ಸಗಣಿ, ಎಲೆ, ಇವನ್ನೆಲ್ಲ ದೂಡಿಕೊಂಡು ಬರುತ್ತಿತ್ತು. ಮೊದಲಿಗೆ ನಿಧಾನ, ಮನುಷ್ಯ ನಡೆಯುವಷ್ಟು. ಸುಡುವ ಬಿಸಿಲು, ಒಣ ಗಾಳಿ, ಒಂದು ಹನಿ ಮಳೆಯಿಲ್ಲ, ನೀರು ಬರುತ್ತಿದೆ. ಕಣ್ಣು ನೋಡಿದ್ದನ್ನು ಬುದ್ಧಿ ಒಪ್ಪಲಿಲ್ಲ. ನಾನು ಚಮಚ ಹಿಡಿದುಕೊಂಡು ನಿಂತೇ ಇದ್ದೆ.

ಆಕೆ ಕಿರುಚಿದಳು. ಗಾಡಿ ಹತ್ತು ಅಂದಳು. ನಾನು ಗಾಡಿಯ ಕಡೆ ಹೋಗದೆ ಅಕ್ಕನ ಕಡೆ ಓಡಿದೆ. ಆಕೆ ಹಿಂದಿನಿಂದ ಬಂದು ನನ್ನ ಸೊಂಟವನ್ನು ತಬ್ಬಿ ಎತ್ತಿಕೊಂಡವಳಂತೆ ಎಳೆದಳು. ಒದೆದೆ, ಪರಚಿದೆ. ಆಕೆಯ ಹಿಡಿತ ಬಿಡಲಿಲ್ಲ. ನನ್ನನ್ನು ಸೀಟಿಗೆ ತಳ್ಳಿ ಗಾಡಿಯನ್ನು ದಡಕ್ಕೆ ಹತ್ತಿಸುವಷ್ಟರಲ್ಲಿ ಹಿಂದಿನ ಚಕ್ರ ನೀರಿನಲ್ಲಿತ್ತು. ಮೇಜು, ಕುರ್ಚಿಗಳು, ಫ್ಲಾಸ್ಕು ಎಲ್ಲ ತೇಲಿ ಹೋದವು. ಮೊದಲ ನೊರೆಯ ಹಿಂದೆ ನಿಜವಾದ ನದಿ ಬಂತು. ಬುಡಸಮೇತ ಕಿತ್ತ ಮರಗಳು, ಒಂದು ಸತ್ತ ಹೋರಿ, ಕೆಂಪು ಮಣ್ಣಿನ ಅಲೆಗಳು. ಲಾರಿಗಳ ಸಾಲು ಹೋದ ಹಾಗೆ ನೆಲ ನಡುಗುತ್ತಿತ್ತು.

ಗಾಡಿಯಿಂದ ಧುಮುಕಿ ದಡದಂಚಿಗೆ ಓಡಿದೆ. ಆಚೆ ದಡದಲ್ಲಿ ಅಕ್ಕ ನಿಂತಿದ್ದಳು. ಒಬ್ಬಳೇ. ಅಷ್ಟು ದೊಡ್ಡ ಬಯಲಿನ ಮುಂದೆ ನೀಲಿ ದುಪಟ್ಟಾದ ಒಂದು ಸಣ್ಣ ಆಕೃತಿ. ಜೀವಮಾನದಲ್ಲಿ ಮೊದಲ ಸಲ ನನ್ನ ಅಕ್ಕ ನನಗೆ ಸಣ್ಣವಳಾಗಿ ಕಂಡಳು.

ಪಕ್ಕದಲ್ಲಿ ಆ ಹೆಂಗಸು ಮೊಣಕಾಲೂರಿ ಕೂತಿದ್ದಳು. ಅಳುತ್ತಿದ್ದಾಳೆ ಅಂದುಕೊಂಡು ನೋಡಿದರೆ ನಗುತ್ತಲೂ ಇದ್ದಳು. ಎರಡೂ ಕೈ ಆಕಾಶಕ್ಕೆ ಎತ್ತಿ ತನ್ನ ಭಾಷೆಯಲ್ಲಿ ಏನೋ ಕೂಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಅವಳ ಭುಜ ಹಿಡಿದು ಅಲ್ಲಾಡಿಸಿದೆ.

"ನಗ್ತಾ ಇದ್ದೀಯಾ? ನನ್ನ ಅಕ್ಕ ಅಲ್ಲಿದ್ದಾಳೆ, ನಗ್ತಾ ಇದ್ದೀಯಾ ನೀನು?"

ಕನ್ನಡದಲ್ಲೇ ಬೈದೆ. ಬೈದದ್ದು ತಿಳಿಯಿತು ಆಕೆಗೆ. ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. "ಕ್ಷಮಿಸು. ನದಿ ಬರದೆ ನಮ್ಮ ದನಗಳೆಲ್ಲ ಸತ್ತಿದ್ದವು. ಎಷ್ಟೋ ವರ್ಷ ಇದಕ್ಕೇ ಕಾದಿದ್ದೆವು" ಅಂದಳು. ಆಮೇಲೆ ಓಡಿ ಹೋಗಿ ಗಾಡಿಯಿಂದ ಉಪಗ್ರಹ ಫೋನು ತಂದು ಯಾರ ಯಾರಿಗೋ ಮಾತಾಡಿದಳು. ಸೇತುವೆ ಇರುವುದು ಬಹಳ ದೂರ, ಸಹಾಯದವರು ಸುತ್ತಿ ಬರಬೇಕು, ನಾಳೆಯೇ ಆಗುವುದು ಅಂದರಂತೆ.

ಆಗಲೇ ಆನೆಗಳು ಕಂಡವು. ಕೆಳಗಿನ ತಿರುವಿನಲ್ಲಿ ನಿಂತಿದ್ದ ಹಿಂಡು ನೀರಿಗೆ ಹೆದರಿ ಮೇಲೆ ಹತ್ತಿತ್ತು. ಹತ್ತಿದ್ದು ಆಚೆ ದಡಕ್ಕೆ. ದಡದಂಚಿನ ದಾರಿ ಹಿಡಿದು, ಒಂದರ ಹಿಂದೆ ಒಂದು, ಅಕ್ಕ ಇದ್ದ ಕಡೆಗೇ ಬರುತ್ತಿದ್ದವು. ಕಿವಿಗಳು ಬಿಚ್ಚಿದ್ದವು. ಮುಂದೆ ದೊಡ್ಡ ಹೆಣ್ಣಾನೆ, ಪಕ್ಕದಲ್ಲಿ ಮರಿ.

"ಅಕ್ಕಾ! ಓಡು! ಹಿಂದೆ ನೋಡು!"

ನದಿಯ ಅಬ್ಬರಕ್ಕೆ ನನ್ನ ದನಿ ನನಗೇ ಕೇಳಲಿಲ್ಲ. ಕೈ ಬೀಸಿದೆ, ಬೆರಳು ತೋರಿಸಿದೆ. ನಮ್ಮ ಜೊತೆಯ ಹೆಂಗಸು ಕೈಗಳನ್ನು ಕೆಳಕ್ಕೆ ಒತ್ತಿ ಒತ್ತಿ ತೋರಿಸಿದಳು, ಅಲ್ಲಾಡಬೇಡ, ನಿಂತಲ್ಲೇ ನಿಲ್ಲು ಅಂತ. ಅಕ್ಕ ನಮ್ಮನ್ನು ನೋಡಿದಳೋ ಇಲ್ಲವೋ. ಕತ್ತು ತಿರುಗಿಸಿ ಆನೆಗಳನ್ನು ನೋಡಿದಳು. ಪಕ್ಕದಲ್ಲೇ ದೊಡ್ಡ ಮರವಿತ್ತು, ಎರಡು ಹೆಜ್ಜೆ ಇಟ್ಟಿದ್ದರೆ ಮರೆಯಾಗಬಹುದಿತ್ತು. ಇಡಲಿಲ್ಲ. ಬಸ್‌ಸ್ಟಾಪಿನಲ್ಲಿ ನಿಂತವಳ ಹಾಗೆ ನಿಂತಿದ್ದಳು.

ಹೆಣ್ಣಾನೆ ಅವಳ ಮುಂದೆ ಬಂದು ನಿಂತಿತು. ಸೊಂಡಿಲು ಚಾಚಿತು. ಅಷ್ಟು ದೂರದಿಂದಲೂ ನನಗೆ ಕಂಡಿತು, ಸೊಂಡಿಲಿನ ತುದಿ ಅವಳ ಭುಜದ ಹತ್ತಿರ, ದುಪಟ್ಟಾದ ಅಂಚಿನ ಹತ್ತಿರ ಆಡಿತು. ನಾನು ಕಣ್ಣು ಮುಚ್ಚಿಕೊಂಡೆ. ಮುಚ್ಚಿಕೊಂಡರೆ ಇನ್ನೂ ಭಯ, ಮತ್ತೆ ತೆರೆದೆ. ಆನೆ ಮರಿಯನ್ನು ಒಳಗಡೆಗೆ ದೂಡಿಕೊಂಡು ಅಕ್ಕನನ್ನು ಬಳಸಿ ನಡೆಯಿತು. ಉಳಿದವೂ ಹಾಗೇ ಹೋದವು. ಧೂಳಿನಲ್ಲಿ ಅಕ್ಕ ಮರೆಯಾದಳು. ಧೂಳು ಇಳಿದಾಗ ಅಲ್ಲೇ ಇದ್ದಳು.

ಗಾಡಿಯಿಂದ ಅಕ್ಕನ ಚೀಲ ತಂದು ಮಡಿಲಲ್ಲಿಟ್ಟುಕೊಂಡು ದಡದಂಚಿನಲ್ಲೇ ಕೂತೆ.

ಬಿಸಿಲು ವಾಲುವ ಹೊತ್ತಿಗೆ ಆಚೆ ಕಡೆಯಿಂದ ಜನ ಬಂದರು. ನದಿ ಬಂದಿದೆ ಅಂತ ನೋಡುವುದಕ್ಕೆ ಓಡಿ ಬಂದವರು. ಹೆಂಗಸರು, ಮಕ್ಕಳು, ಕೋಲು ಹಿಡಿದ ಒಬ್ಬ ಮುದುಕ, ಹಿಂದೆ ಕತ್ತೆಗಾಡಿ. ಕುಣಿಯುತ್ತಿದ್ದರು, ನೀರನ್ನು ಬೊಗಸೆಯಲ್ಲಿ ಎತ್ತಿ ತಲೆಗೆ ಹಾಕಿಕೊಳ್ಳುತ್ತಿದ್ದರು. ಆ ಕುಣಿತದ ನಡುವೆ ಅಕ್ಕನನ್ನು ಕಂಡು ಬೆಚ್ಚಿ ನಿಂತರು. ಎಲ್ಲಿಂದ ಬಂದಳು ಈ ಹೆಂಗಸು ಅನ್ನಿಸಿರಬೇಕು. ನಮ್ಮ ಜೊತೆಯವಳು ಕೈಸನ್ನೆಯಲ್ಲಿ ಏನೇನೋ ತಿಳಿಸಿದಳು. ಮುದುಕ ಕೋಲೆತ್ತಿ ಅರ್ಥವಾಯಿತು ಅಂದ. ಅಕ್ಕನನ್ನು ಕತ್ತೆಗಾಡಿಗೆ ಹತ್ತಿಸಿದರು. ಅವಳು ಒಂದು ಸಲವೂ ನನ್ನ ಕಡೆ ಕೈ ಎತ್ತಲಿಲ್ಲ. ಅವಳ ಮಾತ್ರೆಗಳ ಚೀಲ ನನ್ನ ಮಡಿಲಲ್ಲಿತ್ತು.

ಆ ರಾತ್ರಿಯ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ. ಗಾಡಿಯಲ್ಲೇ ಕೂತಿದ್ದೆವು.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ನದಿ ಬಂದ ಹಾಗೇ ಇಳಿಯಿತು. ಕೆಸರಿನ ನಡುವೆ ಕಾಲುವೆಗಳಾಗಿ ಹರಿಯುತ್ತಿತ್ತು. ಆಕೆ ಮೊದಲು ಉದ್ದನೆಯ ಕೊಂಬೆಯಿಂದ ನೆಲ ಚುಚ್ಚಿ ಚುಚ್ಚಿ ನೋಡುತ್ತ ಹೋದಳು, ನಾನು ಆಕೆಯ ಬೆಲ್ಟು ಹಿಡಿದು ಹಿಂದೆ. ಮೊಣಕಾಲುದ್ದ ನೀರು, ಅದರ ಕೆಳಗೆ ಕಾಲನ್ನು ಎಳೆದುಕೊಳ್ಳುವ ಕೆಸರು. ಆಚೆ ಕಡೆ ಮುದುಕ ಕಾಯುತ್ತಿದ್ದ. ಅವನ ಹಿಂದೆ ಒಂದು ಗುಡ್ಡ ಸುತ್ತಿ ನಡೆದರೆ ತಗಡು, ಮಣ್ಣು, ಕೊಂಬೆಗಳಿಂದ ಕಟ್ಟಿದ ಮನೆಗಳು, ಮೇಕೆ ಕಟ್ಟುವ ಮುಳ್ಳಿನ ಬೇಲಿ.

ಅಕ್ಕ ಒಂದು ಮೇಕೆ ಚರ್ಮದ ಮೇಲೆ ಕೂತು ಬಟ್ಟಲಿನಿಂದ ಜೋಳದ ಗಂಜಿ ತಿನ್ನುತ್ತಿದ್ದಳು. ಎರಡೂ ಕಣ್ಣು ಊದಿದ್ದವು. ಪಕ್ಕದಲ್ಲಿ ಹಣ್ಣುಹಣ್ಣು ಮುದುಕಿಯೊಬ್ಬಳು ಅವಳ ತೊಡೆಯ ಮೇಲೆ ಕೈಯಿಟ್ಟು ಕೂತಿದ್ದಳು. ಅಕ್ಕ ನನ್ನನ್ನು ನೋಡಿದಳು.

"ಊಟ ಆಯ್ತೇನೇ?" ಅಂದಳು.

ನಾನು ಅಲ್ಲೇ ಬೋರೆಂದು ಅತ್ತೆ. ಅಕ್ಕ ಬಟ್ಟಲು ಕೆಳಗಿಟ್ಟು ನನ್ನ ತಲೆ ಸವರಿದಳು. ಹೊರಡುವಾಗ ಮುದುಕಿ ಅವಳ ಎರಡೂ ಕೆನ್ನೆ ಹಿಡಿದು ಏನೋ ಅಂದಳು. ಏನಂದಳು ಅಂತ ನಮ್ಮ ಜೊತೆಯವಳನ್ನು ಕೇಳಿದೆ. ಆ ಮುದುಕಿಯ ಮಾತು ತನಗೂ ಪೂರ್ತಿ ತಿಳಿಯುವುದಿಲ್ಲ ಅಂದಳು.

ನಾವು ಮತ್ತೆ ಕೆಸರು ದಾಟಿ ಗಾಡಿ ಹತ್ತಿ ಮುಂದಿನ ತಂಗುದಾಣ ಸೇರಿದೆವು. ಅಲ್ಲಿನ ಜಗುಲಿಯಲ್ಲಿ ಕೂತು, ಮರುದಿನ ಸಂಜೆ, ಅಕ್ಕ ತಾನಾಗಿಯೇ ಮಾತು ಶುರು ಮಾಡಿದಳು. ಎದುರಿಗೆ ಗುಡ್ಡಗಳು ಕೆಂಪಾಗುತ್ತಿದ್ದವು.

"ಆನೆ ಬಂತಲ್ಲ. ಸೊಂಡ್ಲು ಇಲ್ಲಿಗಂಟ ತಂತು. ಉಸುರ್ ಬಿಡ್ತು ಮೇಲೆ. ಬಿಸಿ ಉಸ್ರು. ನಂಗೇನೂ ಆಗ್ಲಿಲ್ಲ ಕಣೇ."

"ದೇವ್ರು ದೊಡ್ಡವ್ನು, ಏನೂ ಆಗ್ಲಿಲ್ಲ."

"ಅಂಗಲ್ಲ. ಒಳ್ಗೆ ಏನೂ ಆಗ್ಲಿಲ್ಲ ಅಂತ ಏಳ್ತಿರೋದು. ಎದೆ ಡವ ಅನ್ಲಿಲ್ಲ. ತುಳುದ್ರೆ ತುಳೀಲಿ ಅಂತ್ಲೇ ನಿಂತಿದ್ದೆ."

ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ನೀರು ಬಂದದ್ದನ್ನು ನೋಡಿದಾಗ ಬುದ್ಧಿ ಹೇಗೆ ನಿಂತುಹೋಗಿತ್ತೋ ಹಾಗೇ ಆಯಿತು. ಅಕ್ಕನ ಮುಖ ಎಂದಿನ ಹಾಗೇ ಇತ್ತು. ಅದೇ ಮೂಗುತಿ, ಅದೇ ಗದರುವ ಹುಬ್ಬು. ಆ ಬಾಯಿಂದ ಇಂಥ ಮಾತು.

"ಯಾವಾಗಿಂದ ಹಿಂಗೆ?"

"ಅವ್ರು ಓದಾಗಿಂದ. ಬೆಳಿಗ್ಗೆ ಏಳ್ತೀನಿ, ಕಾಪಿ ಕುಡೀತೀನಿ, ಬಯ್ತೀನಿ. ಎಲ್ಲಾ ನಡೀತೈತೆ. ನಾನೇ ಇಲ್ಲ. ಆ ಫ್ಲೈಓವರ್ ಮೇಲೆ ನೋಡ್ತಾ ಕೂತಿದ್ನಲ್ಲ, ಅಲ್ಲೇ ಕೂತಿದೀನಿ ಇನ್ನೂ."

"ಒಂದ್ ಮಾತು ಹೇಳ್ಬಾರ್ದಿತ್ತಾ ಅಕ್ಕಾ?"

"ಯಾರ್ಗೆ? ನಿಂಗಾ? ಲಂಗ ಕಟ್ಟೋಕೆ ಬರ್ದಿದ್ದ ಕಾಲ್ದಿಂದ ನಿನ್ ಕಣ್ಣು ಒರ್ಸಿದೋಳು ನಾನು. ಈಗ ನಿನ್ ಕೈಲಿ ಒರುಸ್ಕೊಳ್ಳಾ?"

ಕೇಳಲೇಬೇಕಿದ್ದ ಪ್ರಶ್ನೆ ಇನ್ನೊಂದಿತ್ತು. ಕೇಳಿದೆ.

"ವಾಪಸ್ ಬರ್ಬಾರ್ದು ಅಂತ ಇಲ್ಲಿಗ್ ಬಂದ್ಯಾ?"

ಅಕ್ಕ ಗುಡ್ಡದ ಕಡೆ ತಿರುಗಿದಳು. "ಗೊತ್ತಿಲ್ಲ ಕಣೇ. ಬರ್ಬೇಕು ಅಂತಾನೂ ಅಂದ್ಕಂಡಿರ್ಲಿಲ್ಲ."

ಆಮೇಲೆ ಅವಳೇ ಹೇಳಿದಳು, ಆ ಮನೆಗೆ ಹೋದ ಮೇಲೆ ಮೈ ನಡುಕ ಶುರುವಾಯಿತಂತೆ. ಹಲ್ಲು ಕಟಕಟ ಅನ್ನುತ್ತಿತ್ತಂತೆ. ಮುದುಕಿ ಬಂದು ಕಂಬಳಿ ಹೊದಿಸಿ ಪಕ್ಕ ಕೂತಳಂತೆ. "ಅಲ್ಲಿ ಅತ್ಬುಟ್ಟೆ ನಾನು. ಅವ್ರು ಓದಾಗ ಅಳ್ದೇ ಇದ್ದಿದ್ದೆಲ್ಲ ಅಲ್ಲಿ ಅತ್ತೆ. ಯಾಕೆ ಅಂತ ಒಬ್ರೂ ಕೇಳ್ಲಿಲ್ಲ. ಭಾಸೆ ಬಂದಿದ್ರೆ ತಾನೇ ಕೇಳಾಕೆ."

ನಾನು ಅವಳ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಬಿಡಿಸಿಕೊಳ್ಳಲಿಲ್ಲ. ಆ ಪ್ರವಾಸದಲ್ಲಿ ಮುಂದೆ ನೋಡಿದ್ದು ಯಾವುದೂ ನನಗೆ ಸರಿಯಾಗಿ ನೆನಪಿಲ್ಲ. ಸಿಂಹ ನೋಡಿದೆವು, ಸಮುದ್ರದ ದಡದಲ್ಲಿ ತಿಮಿಂಗಿಲದ ಮೂಳೆ ನೋಡಿದೆವು, ಫೋಟೋಗಳಿವೆ. ನನ್ನ ಕಣ್ಣು ಮಾತ್ರ ಅಕ್ಕನ ಮೇಲೇ ಇತ್ತು. ಅವಳು ಪೊದೆಯ ಹಿಂದೆ ಹೋದರೆ ನಾನೂ ಹೋಗುತ್ತಿದ್ದೆ.

"ಏ, ಉಚ್ಚೆ ಉಯ್ಯೋಕಾದ್ರೂ ಬಿಡೇ ನನ್ನ" ಅಂತ ಬೈದಳು. ಆ ಬೈಗುಳ ಕೇಳಿ ಎಷ್ಟು ಹಿತವಾಯಿತು.

ಅಟ್ಟೂರಿಗೆ ಬಂದ ಮೇಲೆ ಅವಳ ಮಗನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಕಟ್ಟಡದ ಕೆಲಸದವರ ಮುಂದೆ ಹುಲಿಯಂತಿರುವ ಹುಡುಗ. ಎದ್ದು ಗೋಡೆಗೆ ಒರಗಿ ನಿಂತ. "ನಮ್ಮಮ್ಮನಾ ಚಿಕ್ಕಮ್ಮಾ?" ಅಂದ. ಮತ್ತೆ ಮತ್ತೆ ಅದನ್ನೇ ಕೇಳಿದ, ನಾನು ಬೇರೆ ಯಾರದೋ ಕತೆ ಹೇಳುತ್ತಿರಬಹುದು ಅನ್ನುವ ಹಾಗೆ. ಅವನಿಗೆ ಹೇಳಿದ್ದು ತಿಳಿದು ಅಕ್ಕ ನನ್ನ ಫೋನು ಎತ್ತುವುದನ್ನೇ ಬಿಟ್ಟಳು. ಎದುರಿಗೆ ಸಿಕ್ಕರೆ ಮುಖ ತಿರುಗಿಸುತ್ತಿದ್ದಳು. ನಾನು ದಿನಾ ಕಾಲೇಜಿನಿಂದ ಬರುವಾಗ ಅವಳ ಮನೆಯ ಮುಂದೆ ಇಳಿದು, ಜಗುಲಿಯಲ್ಲಿ ಸ್ವಲ್ಪ ಹೊತ್ತು ಕೂತು, ಅವಳು ಮಾತಾಡದಿದ್ದರೆ ಎದ್ದು ಬರುತ್ತಿದ್ದೆ. ಕಾಫಿ ಮಾತ್ರ ತಪ್ಪದೆ ಬರುತ್ತಿತ್ತು, ಟೀಪಾಯಿಯ ಮೇಲೆ ಟಕ್ ಅಂತ ಇಡುತ್ತಿದ್ದಳು.

ಒಂದು ದಿನ ಕಾಫಿ ಇಟ್ಟವಳು ಒಳಗೆ ಹೋಗಲಿಲ್ಲ. "ಯಾವ್ದೋ ಡಾಕ್ಟ್ರತ್ರ ಓಗಾನ ಅಂತವ್ನೆ ನನ್ ಮಗ. ಉಚ್ಚರ್ನ ನೋಡೋರಾ?" ಅಂದಳು.

"ಹುಚ್ಚು ಅಲ್ಲ ಅಕ್ಕ. ನಾನೂ ಬರ್ತೀನಿ ಜೊತೆಗೆ."

ಯಲಹಂಕ ನ್ಯೂಟೌನಿನಲ್ಲಿ ಒಬ್ಬ ಮನೋವೈದ್ಯೆ ಇದ್ದರು, ವಯಸ್ಸು ಚಿಕ್ಕದು. ಮೊದಲ ಸಲ ಅಕ್ಕ ಅವರ ಮುಂದೆ ಬಾಯಿ ಬಿಡಲಿಲ್ಲ. ಹೊರಗೆ ಬಂದು "ಆ ಉಡ್ಗಿ ಏನೂ ಏಳಲ್ಲ ಕಣೇ, ಬರೀ ಕೇಳ್ತಾಳೆ, ಅದುಕ್ಕೆ ದುಡ್ಡು ಬೇರೆ" ಅಂತ ಸಿಡುಕಿದಳು. ಎರಡನೆಯ ಸಲ ನಾನು ಹೊರಗೆ ಕಾಯುತ್ತಿದ್ದಾಗ ಒಳಗಿನಿಂದ ಅವಳ ಗಂಟಲು ಕೇಳಿಸಿತು. ಯಾರನ್ನೋ ಬೈಯುತ್ತಿದ್ದಳು. ಕಿವಿಗೊಟ್ಟು ಕೇಳಿದರೆ ಭಾವನನ್ನು. ಹಾಗೆ ಬಿಟ್ಟು ಹೋದದ್ದಕ್ಕೆ. ಕಾಯುತ್ತಿದ್ದ ಉಳಿದವರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

ಮಾತ್ರೆ, ಮಾತು, ಮತ್ತೆ ಮಾತ್ರೆ. ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಕೆಲವು ವಾರ ಅವಳು ಹಾಸಿಗೆ ಬಿಟ್ಟು ಏಳುವುದಿಲ್ಲ. ಆಗ ನಾನು ರಜೆ ಹಾಕಿ ಹೋಗಿ ಪಕ್ಕದಲ್ಲಿ ಕೂರುತ್ತೇನೆ, ಯಾಕೆ ಅಂತ ಕೇಳುವುದಿಲ್ಲ. ಕೆಲವು ವಾರ ಬೆಳಿಗ್ಗೆಯೇ ಫೋನು ಮಾಡಿ ನನ್ನ ಸಾರಿನಲ್ಲಿ ಏನು ತಪ್ಪಿತ್ತು ಅಂತ ಹೇಳುತ್ತಾಳೆ.

ಮೊನ್ನೆ ಹಾಗೆ ಫೋನು ಬಂತು. ಏದುಸಿರು ಬಿಡುತ್ತಿದ್ದಳು.

"ನೀರಿನ ಟ್ಯಾಂಕರ್ರು ಕಣೇ. ಗಲ್ಲಿ ಒಳ್ಗೆ ರಿವರ್ಸ್ ಬತ್ತಾ ಅವ್ನೆ ಮುಂಡೇಮಗ, ಹಾರ್ನೂ ಇಲ್ಲ, ಏನೂ ಇಲ್ಲ. ಸೊಪ್ಪು ತಗಂಡು ಬತ್ತಿದ್ದೆ, ಬೆನ್ನಿಗೇ ಬಂದ್ಬುಟ್ಟ. ಎಗುರ್ಬುಟ್ಟೆ ನೋಡು ಮೋರಿ ಆಚೆಗೆ! ಸೊಪ್ಪೆಲ್ಲ ಮೋರಿಗೆ ಓಯ್ತು. ಎದೆ ಇನ್ನೂ ಒಡ್ಕೊಂತೈತೆ."

ಲೈಬ್ರರಿಯ ಕಪಾಟಿನ ಹಿಂದೆ ಹೋಗಿ ನಿಂತೆ.

"ಅಕ್ಕಾ, ಭಯ ಆಯ್ತಾ?"

"ಆಗ್ದೆ ಇರ್ತೈತಾ? ಏನ್ ಕೇಳ್ತೀಯೇ ನೀನು? ಬಿದ್ದಿದ್ರೆ ಸೊಂಟ ಮುರ್ದು ಓಗ್ತಿತ್ತು. ಅಳ್ತಾ ಇದೀಯಾ? ಯಾಕೇ ಅಳ್ತೀಯ? ಏ, ಏನೂ ಆಗಿಲ್ಲ ಕಣೇ ನಂಗೆ. ಸಂಜೆ ಬರ್ತಾ ದಂಟು ಸೊಪ್ಪು ಎರಡ್ ಕಟ್ಟು ತಗಂಡು ಬಾ, ಸುಮ್ನೆ ಅಳ್ಬೇಡ" ಅಂದು ಫೋನು ಇಟ್ಟಳು.